ಹೀಟರ್ ಇಲ್ಲದೆ ಹಿಮದಲ್ಲಿ, ಕಾರಿನೊಳಗೇ ನಿದ್ದೆ: ನನ್ನ ಅನುಭವ

ವ್ಯಾಗನ್ ಆರ್‌ನಲ್ಲಿ, ಅದೂ ಒಬ್ಬನೇ, ಜನವರಿಯ ಹಿಮದಲ್ಲಿ ಮಲಗೋದು ಆಗದ ಮಾತು ಅಂತ ಪುಣೆಯ ಕನ್ನಡದ ಗೆಳೆಯರೆಲ್ಲ ಹೇಳಿದ್ದರು. ಕೋಥ್ರೂಡ್‌ನ ಹಿರಿಯರೊಬ್ಬರು, ನಾಲ್ಕೂ ಚಕ್ರ ಎಳೆಯೋ ಫೋರ್ ಬೈ ಫೋರ್ ಗಾಡಿ ಇಟ್ಟುಕೊಂಡವರು, "ಡೀಸೆಲ್ ಹೀಟರ್ ಹಾಕಿಸ್ದೆ ಹೋದ್ರೆ ಬೆಳಿಗ್ಗೆ ನಿನ್ನ ಅಗೆದು ತೆಗೀಬೇಕಾಗ್ತದ ನೋಡಪ್ಪ" ಅಂದಿದ್ದರು. ಈ ಸಲ ಆಯಿತು. ಹೀಟರ್ ಇಲ್ಲ, ರಾತ್ರಿಯಿಡೀ ಇಂಜಿನ್ ಬಂದ್. ಹೊರಗೆ ಮೈನಸ್ 6ರ ಹತ್ತಿರ, ಒಳಗೆ ಸೊನ್ನೆಯ ಆಸುಪಾಸು. ಗಡದ್ದಾಗಿ ನಿದ್ದೆ ಮಾಡಿದೆ.

ಜಾಗ ಹಿಮಾಚಲದ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕಿನ ಮಗ್ಗುಲು. ಪಾರ್ಕಿನೊಳಗೆ ಗಾಡಿ ಹೋಗಲ್ಲ, ಪರ್ಮಿಟ್ ತಗೊಂಡು ನಡೆದೇ ಹೋಗಬೇಕು. ಹಾಗಾಗಿ ಕುಲ್ಲು ಹೆದ್ದಾರಿಯಲ್ಲಿ ಔಟ್ ಅನ್ನೋ ಊರಿನ ಸುರಂಗಕ್ಕೆ ಮುಂಚೆಯೇ ತಿರುಗಿ, ಬಂಜಾರ್ ದಾಟಿ, ಶೋಜಾ ಹಳ್ಳಿ ಕಡೆ ಹತ್ತಿದೆ. 3,120 ಮೀಟರ್ ಎತ್ತರದ ಜಲೋರಿ ಪಾಸ್ ಹಿಮ ಬಿದ್ದು ಮುಚ್ಚಿತ್ತು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಒಂದು ಸೇಬಿನ ತೋಟದ ಅಂಚಿನಲ್ಲಿ, ಆ ತೋಟದ ಮನೆಯವರನ್ನು ಕೇಳಿಯೇ ಗಾಡಿ ನಿಲ್ಲಿಸಿದೆ. ಯಾವ ತೋಟ ಅಂತ ಹೇಳಲ್ಲ. ಹೇಳಿದರೆ ಮುಂದಿನ ವರ್ಷ ಅಲ್ಲೊಂದು ಮ್ಯಾಗಿ ಅಂಗಡಿ ಇರುತ್ತದೆ.

ಇಂಜಿನ್ ವಿಷಯದಲ್ಲಿ ನಾನು ಹಠಮಾರಿ. ಸೈಲೆನ್ಸರ್ ಬಾಯಿಗೆ ಹಿಮ ಕೂತರೆ ಹೊಗೆ ಒಳಗೇ ಬರುತ್ತದೆ, ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ವಾಸನೆಯೇ ಇಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮಕ್ಕೆ ಸಿಕ್ಕಿಬಿದ್ದು 20ಕ್ಕೂ ಜಾಸ್ತಿ ಜನ ಸತ್ತರಲ್ಲ, ಬಹಳಷ್ಟು ಜನ ಕಾರಿನೊಳಗೇ ಇದ್ದರು.

ಮೊದಲು ದುಡ್ಡು ಸುಟ್ಟಿದ್ದು ಹೇಳ್ತೀನಿ. 12 ವೋಲ್ಟಿನ ಬಿಸಿ ಬ್ಲಾಂಕೆಟ್‌ಗೆ ₹2,500 ಹೋಯಿತು. ಅದಕ್ಕೆ ಕರೆಂಟು ಕೊಡೋ ಪವರ್ ಸ್ಟೇಷನ್ (ಹೊತ್ತೊಯ್ಯುವ ದೊಡ್ಡ ಬ್ಯಾಟರಿ ಪೆಟ್ಟಿಗೆ) ನಡುರಾತ್ರಿಗೇ ಖಾಲಿ, ಆಮೇಲೆ ಚಳಿ ಇನ್ನೂ ಜಾಸ್ತಿ ಅನಿಸಿತು. ಪುಣೆಯ ಜೂನಾ ಬಜಾರ್‌ನ ಮಿಲಿಟರಿ ಸ್ಲೀಪಿಂಗ್ ಬ್ಯಾಗ್‌ಗೆ ₹900. ಮಹಾಬಳೇಶ್ವರದ ವೆಣ್ಣಾ ಕೆರೆ ಹತ್ತಿರ, ಇಬ್ಬನಿ ಹೆಪ್ಪುಗಟ್ಟುವ ದಿನಗಳಲ್ಲೇ ಪರೀಕ್ಷೆ ಮಾಡಿದೆ. ಬೆಳಗಿನ ಜಾವಕ್ಕೆ ಒದ್ದೆ ಗೋಣಿಚೀಲ ಆಗಿತ್ತು.

ಅಲ್ಲೇ ಗೊತ್ತಾಗಿದ್ದು, ಚಳಿಗಿಂತ ದೊಡ್ಡ ಶತ್ರು ನಮ್ಮದೇ ಉಸಿರು. ಕಿಟಕಿ ಪೂರ್ತಿ ಮುಚ್ಚಿದರೆ ಗಾಜಿನಿಂದ ನೀರಿಳಿದು ಸೀಟು, ಬಟ್ಟೆ ಎಲ್ಲ ತೊಯ್ಯುತ್ತದೆ. ಹಿಮಾಚಲದಲ್ಲಾದರೆ ಒಳಗಿನ ಗಾಜಿನ ಮೇಲೇ ಮಂಜುಗಡ್ಡೆ. ಈಗ ಮುಂದಿನ ಎಡಗಡೆ, ಹಿಂದಿನ ಬಲಗಡೆ, ಹೀಗೆ ಅಡ್ಡಡ್ಡ ಎರಡು ಕಿಟಕಿ ಒಂದು ಬೆರಳಷ್ಟು ಇಳಿಸುತ್ತೇನೆ. ಮಳೆಗಾಲಕ್ಕೆ ಅಂತ ಕಿಟಕಿಯ ಮೇಲಂಚಿಗೆ ಹಾಕಿಸಿದ ಪ್ಲಾಸ್ಟಿಕ್ ಪಟ್ಟಿ, ಡೋರ್ ವೈಸರ್, ಇದೆಯಲ್ವಾ, ಅದೇ ಹಿಮವನ್ನೂ ತಡೆಯುತ್ತದೆ.

ಉಳಿದ ಗಾಜಿಗೆಲ್ಲ ತಗಡಿನ ಸೂರಿನ ಕೆಳಗೆ ಹೊಡೆಯೋ ಬೆಳ್ಳಿ ಬಣ್ಣದ ಬಬಲ್ ಶೀಟು. ಪುಣೆಯ ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಎಲ್ಲ ಸೇರಿ ₹800ರೊಳಗೆ ಬಂತು. ಪೇಪರ್ ಇಟ್ಟು ಅಳತೆ ಗುರುತು ಮಾಡಿ, ಅರ್ಧ ಇಂಚು ದೊಡ್ಡದಾಗೇ ಕತ್ತರಿಸಿ. ಸುಮ್ನೆ ಒತ್ತಿದರೆ ಕೂರುತ್ತದೆ, ಟೇಪ್ ಬೇಡ. ಸೀಟು ಮಡಚಿದ ಮೇಲೆ ನಡುವೆ ಒಂದು ಗುಂಡಿ ಉಳಿಯುತ್ತದಲ್ಲ, ಅದಕ್ಕೆ ಏನು ತುಂಬಿದೆ ಅನ್ನೋದು ನನ್ನ ಗುಟ್ಟು. ಅದರ ಮೇಲೆ ಎರಡು ಇಂಚಿನ ಫೋಮ್. ಮೇಲೆ ಎಷ್ಟು ಹೊದ್ದರೂ ಕೆಳಗಿನಿಂದ ಚಳಿ ಬಂದರೆ ಮುಗೀತು.

ಕೊನೆಗೆ ಕೆಲಸ ಮಾಡಿದ್ದು ಊರಿನ ಕಂಬಳಿ. ರಾಣೆಬೆನ್ನೂರು ಕಡೆಯ ಕುರಿ ಉಣ್ಣೆಯದು, ಚುಚ್ಚುತ್ತದೆ, ಹೊಸದರಲ್ಲಿ ವಾಸನೆಯೂ ಇದೆ. ಅದನ್ನು ಸ್ಲೀಪಿಂಗ್ ಬ್ಯಾಗ್ ಮೇಲೆ ಹೊದ್ದೆ. ಬೆಳಿಗ್ಗೆ ಕಂಬಳಿಯ ಕೂದಲ ತುದಿಯಲ್ಲಿ ಸಣ್ಣ ಬಿಳಿ ಹರಳು ಕೂತಿತ್ತು, ಒಳಗಿನ ಬ್ಯಾಗ್ ಒಣಗೇ ಇತ್ತು. ಕೊಡವಿದರೆ ಆಯಿತು.

ಅಡುಗೆಯಲ್ಲೂ ಒಂದಿಷ್ಟು ಪ್ರಯೋಗ ಆಯಿತು. ಬ್ಯೂಟೇನ್ ಡಬ್ಬಿಯ ಸ್ಟೋವ್ ಹಿಮದಲ್ಲಿ ಉಸಿರೇ ಎತ್ತಲಿಲ್ಲ. ಬ್ಯೂಟೇನ್ ಅನಿಲವಾಗೋದೇ ಮೈನಸ್ ಅರ್ಧ ಡಿಗ್ರಿಯಲ್ಲಿ, ಅದಕ್ಕಿಂತ ತಣ್ಣಗಾದರೆ ಒತ್ತಡ ಎಲ್ಲಿಂದ ಬರಬೇಕು? ಡಬ್ಬಿಯನ್ನು ಅರ್ಧ ಗಂಟೆ ಜಾಕೆಟ್‌ನೊಳಗೆ ಇಟ್ಟುಕೊಂಡು, ಗಾಡಿಯ ಹೊರಗೆ ಹಚ್ಚಿದೆ. ಚಹಾ ಆಯಿತು. ಕಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಒಲೆಯೇ ಬೇಡ. ಮೊಸರು ಮಾತ್ರ ಕಲ್ಲಾಯಿತು, ಕುಲ್ಫಿ ಥರ ಕೆರೆದು ತಿಂದೆ, ಕೆಟ್ಟದಾಗೇನೂ ಇರಲಿಲ್ಲ.

ಹಿಮದಲ್ಲಿ ರಾತ್ರಿ ಗಾಡಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಳ್ಳಬಹುದು. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವೈಪರ್ ಎತ್ತಿಡಿ.

ಹೋಗಿಬರೋಕೆ ನಾಲ್ಕು ಸಾವಿರ ಕಿಲೋಮೀಟರ್ ಹತ್ತಿರ. ಪೆಟ್ರೋಲಿಗೇ ₹24,000 ಆಸುಪಾಸು, ಟೋಲ್ ಬೇರೆ. ಹೊರಡೋ ಮುಂಚೆ ಹೊಸ ಬ್ಯಾಟರಿ ಹಾಕಿಸಿದ್ದು ದುಬಾರಿ ಅನಿಸಿತ್ತು. ಶೋಜಾದಲ್ಲಿ ಎರಡನೇ ಸೆಲ್ಫ್‌ಗೇ ಗಾಡಿ ಚಾಲೂ ಆಯಿತು. ಪಕ್ಕದಲ್ಲಿದ್ದ ಡೀಸೆಲ್ ಎಸ್‌ಯುವಿಯವರು ಬಿಸಿಲು ಬರೋವರೆಗೂ ಬಾನೆಟ್ ಎತ್ತಿಕೊಂಡು ನಿಂತಿದ್ದರು.