ಗೇಮ್ ಆಡಿದ ಮೇಲೆ ಕಾದಂಬರಿ ಓದಿದ ನನ್ನ ಅನುಭವ

ವಿಡಿಯೋ ಗೇಮ್‌ಗಳನ್ನು ಆಧರಿಸಿದ ವೈಜ್ಞಾನಿಕ ಕಾದಂಬರಿಗಳ ಓದನ್ನು ನಾನು ಆರಂಭಿಸಿದ್ದು ತಪ್ಪಾದ ಪುಸ್ತಕದಿಂದ. ಹೇಲೋ ಎಂಬ ಬಾಹ್ಯಾಕಾಶ ಯುದ್ಧದ ಸರಣಿಯ ಮೊದಲ ಗೇಮ್ ಮುಗಿಸಿದ ಉತ್ಸಾಹದಲ್ಲಿ, ಅದೇ ಕಥೆಯನ್ನು ಹೇಳುವ, ವಿಲಿಯಂ ಡೀಟ್ಸ್ ಅವರ ‘ದ ಫ್ಲಡ್’ (2003) ಅನ್ನು ಕೈಗೆತ್ತಿಕೊಂಡೆ. ನಾನೇ ಗುಂಡು ಹಾರಿಸುತ್ತ ದಾಟಿದ್ದ ಓಣಿಗಳನ್ನು ಇನ್ನೊಬ್ಬರ ವಾಕ್ಯಗಳಲ್ಲಿ ಮತ್ತೆ ದಾಟುವಾಗ ಬೇಸರವಾಯಿತು. ಆಡುವಾಗ ಎದೆ ಬಡಿದುಕೊಳ್ಳುವುದು ಸೋಲುವ ಭಯದಿಂದ. ಓದುಗನಿಗೆ ಆ ಭಯವಿಲ್ಲ. ಅರ್ಧಕ್ಕೇ ನಿಲ್ಲಿಸಿದೆ.

ನಂತರ ಓದಿದ್ದು ಎರಿಕ್ ನೈಲಂಡ್ ಅವರ ‘ದ ಫಾಲ್ ಆಫ್ ರೀಚ್’. ಗೇಮ್ ಬಿಡುಗಡೆಯಾಗುವ ಕೆಲವು ದಿನಗಳ ಮೊದಲು, 2001ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಈ ಕಾದಂಬರಿ ಗೇಮ್‌ಗಿಂತ ಹಿಂದಿನ ಕಾಲಕ್ಕೆ ಹೋಗುತ್ತದೆ. ಗೇಮ್‌ನಲ್ಲಿ ನಾವು ಆಡುವ ಯೋಧ ಮಾಸ್ಟರ್ ಚೀಫ್‌ನ ಮುಖ ಕಾಣುವುದಿಲ್ಲ, ಮಾತೂ ಕಡಿಮೆ. ಆ ಹೆಲ್ಮೆಟ್ಟಿನೊಳಗೆ ಆಡುವವನೇ ಇರಬೇಕಲ್ಲ. ಕಾದಂಬರಿಯಲ್ಲಿ ಅವನು ಜಾನ್ ಎಂಬ ಆರು ವರ್ಷದ ಹುಡುಗ. ಸೈನ್ಯದ ವಿಜ್ಞಾನಿ ಡಾಕ್ಟರ್ ಹಾಲ್ಸಿ ನಾಣ್ಯ ಚಿಮ್ಮಿ ಅವನನ್ನು ಪರೀಕ್ಷಿಸುತ್ತಾಳೆ. ಬಳಿಕ ಸೈನ್ಯವು ಅವನನ್ನೂ ಸೇರಿಸಿ 75 ಮಕ್ಕಳನ್ನು ಕದ್ದೊಯ್ದು, ಹೆತ್ತವರಿಗೆ ಅನುಮಾನ ಬಾರದಂತೆ, ಬೇಗನೆ ಸಾಯುವ ತದ್ರೂಪುಗಳನ್ನು ಅವರ ಮನೆಗಳಲ್ಲಿ ಬಿಡುತ್ತದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರ ದೇಹಗಳನ್ನು ಬಲಪಡಿಸುವ ಶಸ್ತ್ರಚಿಕಿತ್ಸೆಯಲ್ಲಿ 30 ಮಂದಿ ಸಾಯುತ್ತಾರೆ, 12 ಮಂದಿ ಕೈಕಾಲು ಸ್ವಾಧೀನ ತಪ್ಪಿ ಉಳಿಯುತ್ತಾರೆ. ಗೇಮ್‌ನಲ್ಲಿ ನಾನು ಹೆಮ್ಮೆಯಿಂದ ತೊಟ್ಟುಕೊಂಡಿದ್ದ ಮಾಸ್ಟರ್ ಚೀಫ್‌ನ ಆ ಹಸಿರು ಕವಚ ಯಾವ ಬೆಲೆಗೆ ಬಂದದ್ದು ಎಂಬುದನ್ನು ಓದಿದ ದಿನ ಮತ್ತೇನನ್ನೂ ಓದಲಾಗಲಿಲ್ಲ.

ಅಂದಿನಿಂದ ಪುಸ್ತಕ ತೆರೆಯುವ ಮುನ್ನ ಒಂದನ್ನು ಖಚಿತಪಡಿಸಿಕೊಳ್ಳುತ್ತೇನೆ: ಇದು ಗೇಮ್‌ನ ಕಥೆಯನ್ನೇ ಮತ್ತೆ ಹೇಳುತ್ತದೆಯೋ, ಅಥವಾ ಅದರ ಹಿಂದಿನ, ಪಕ್ಕದ ಕಥೆಯನ್ನೋ? ‘ಮಾಸ್ ಎಫೆಕ್ಟ್’ ಎಂಬ ಬಾಹ್ಯಾಕಾಶ ಗೇಮ್ ಆಧರಿಸಿದ ‘ಮಾಸ್ ಎಫೆಕ್ಟ್: ರೆವೆಲೇಷನ್’ (2007) ಎರಡನೆಯ ಬಗೆಯದು. ನಾಯಕ ಶೆಪರ್ಡ್ ಗಂಡೋ ಹೆಣ್ಣೋ, ಅವನ ಹಿನ್ನೆಲೆ ಏನು ಎಂಬುದನ್ನು ಆಡುವವರೇ ನಿರ್ಧರಿಸುವುದರಿಂದ, ಗೇಮ್‌ನ ಪ್ರಧಾನ ಬರಹಗಾರರೂ ಆಗಿದ್ದ ಡ್ರೂ ಕಾರ್ಪಿಶಿನ್ ಕಾದಂಬರಿಯಲ್ಲಿ ಆ ಪಾತ್ರವನ್ನು ಬಿಟ್ಟು, ಮಾನವ ಸೈನ್ಯಾಧಿಕಾರಿ ಆಂಡರ್ಸನ್ ಮತ್ತು ಅನ್ಯಗ್ರಹದ ಏಜೆಂಟ್ ಸಾರೆನ್ ಅವರ ಹಳೆಯ ವೈರವನ್ನು ಹಿಡಿದರು. ಇದು ಜಾಣ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಹಡಗುಗಳು, ಜೀವಜಾತಿಗಳು, ಸೈನಿಕ ಪದವಿಗಳ ಹೆಸರುಗಳನ್ನು ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಗೇಮ್‌ಗೂ ಪುಸ್ತಕಕ್ಕೂ ವಿರೋಧ ಬಂದರೆ ಎರಡನ್ನೂ ಅಕ್ಕಪಕ್ಕದಲ್ಲಿ ಗುರುತು ಮಾಡುತ್ತೇನೆ. ‘ಪಿಲ್ಲರ್ ಆಫ್ ಆಟಮ್’ ಎಂಬ ಹಡಗು ನೈಲಂಡ್ ಅವರ ಪುಸ್ತಕದಲ್ಲಿ ರೀಚ್ ಗ್ರಹದ ಯುದ್ಧವನ್ನು ಬಾಹ್ಯಾಕಾಶದಲ್ಲಿ ಎದುರಿಸುತ್ತದೆ. 2010ರ ‘ಹೇಲೋ: ರೀಚ್’ ಗೇಮ್‌ನಲ್ಲಿ ಅದು ನೆಲದಿಂದ ಮೇಲೇಳುತ್ತದೆ. ಇವನ್ನು ಹೊಂದಿಸುವ ಪ್ರಯತ್ನವನ್ನು ನಾನು ಕೈಬಿಟ್ಟಿದ್ದೇನೆ.

ಕೊನೆಗೆ ‘ದ ಫ್ಲಡ್’ಗೆ ಮರಳಿದೆ. ಈ ಬಾರಿ ಪರಿಚಿತ ಕಾಳಗಗಳ ಮೇಲೆ ಕಣ್ಣಾಡಿಸಿ, ಉಳಿದ ಸೈನಿಕರ ಅಧ್ಯಾಯಗಳನ್ನು ನಿಧಾನವಾಗಿ ಓದಿದೆ. ಗೇಮ್‌ನಲ್ಲಿ ಜೆಂಕಿನ್ಸ್ ಎಂಬ ಸೈನಿಕ ಹೆಲ್ಮೆಟ್ ಕ್ಯಾಮೆರಾದ ವಿಡಿಯೋ ಮುದ್ರಣದಲ್ಲಿ ಮಾತ್ರ ಸುಳಿದು ಹೋಗುತ್ತಾನೆ. ಕಾದಂಬರಿಯಲ್ಲಿ ಫ್ಲಡ್ ಎಂಬ ಪರಾವಲಂಬಿ ಜೀವಿ ಅವನ ದೇಹವನ್ನು ಆಕ್ರಮಿಸಿದರೂ ಅವನ ಪ್ರಜ್ಞೆ ಅಳಿಯುವುದಿಲ್ಲ. ತನ್ನ ಕೈಗಳು ತನ್ನ ಜೊತೆಗಾರರ ಮೇಲೆಯೇ ಎರಗುವುದನ್ನು ಅವನು ಒಳಗಿನಿಂದ ನೋಡುತ್ತಿರುತ್ತಾನೆ. ಅದನ್ನು ಓದಿದ ಮೇಲೆ ಆ ಹಂತವನ್ನು ಮತ್ತೆ ಆಡಿದೆ, ಆ ವಿಡಿಯೋ ಮುಗಿಯುವವರೆಗೂ ಯಾವ ಗುಂಡಿಯನ್ನೂ ಒತ್ತದೆ.