ದೊಡ್ಡಪ್ಪನ ಕಂಪ್ಯೂಟರು: ಯಾವುದು ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ

ಕಂಪ್ಯೂಟರ್ ಕಲಿಸುವವರು ಸಾಮಾನ್ಯವಾಗಿ ಮಾನಿಟರ್, ಸಿಪಿಯು, ಮೌಸ್ ಎಂದು ಭಾಗಗಳ ಹೆಸರಿನಿಂದ ಶುರು ಮಾಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಮೊದಲು ದೊಡ್ಡಪ್ಪನಿಗೆ, ಆಮೇಲೆ ಅಕ್ಕಪಕ್ಕದ ಮನೆಗಳ ಹಿರಿಯರಿಗೆ ಹೇಳಿಕೊಡುತ್ತಾ ಬಂದ ಮೇಲೆ ನನಗೆ ಖಚಿತವಾದದ್ದು ಒಂದೇ: ಹೊಸಬರಿಗೆ ಬೇಕಾದದ್ದು ಭಾಗಗಳ ಹೆಸರಲ್ಲ, ಧೈರ್ಯ. "ಇದನ್ನ ಒತ್ತಿದ್ರೆ ಎಂಥದಾದ್ರೂ ಹಾಳಾಗ್ತದಾ ಮಾರಾಯ?" ಎಂದು ದೊಡ್ಡಪ್ಪ ಪ್ರತಿ ಗುಂಡಿಗೂ ಕೇಳುತ್ತಿದ್ದರು. ಅದು ಬಹಳ ಒಳ್ಳೆಯ ಪ್ರಶ್ನೆ. ಹೆಚ್ಚಿನ ಕೆಲಸಗಳನ್ನು ಕಂಪ್ಯೂಟರ್‌ನಲ್ಲಿ ಹಿಂದಕ್ಕೆ ತರಬಹುದು, ಕೆಲವನ್ನು ಮಾತ್ರ ಆಗುವುದಿಲ್ಲ. ಆ ಕೆಲವು ಯಾವುವು ಎಂದು ತಿಳಿದರೆ ಉಳಿದದ್ದನ್ನು ಹೆದರದೆ ಒತ್ತಿ ನೋಡಿಯೇ ಕಲಿಯಬಹುದು.

ಹಾಗಾಗಿ ನನ್ನ ಮೊದಲ ಪಾಠ ಕಂಟ್ರೋಲ್-ಝಡ್. ನೋಟ್‌ಪ್ಯಾಡ್ ತೆರೆದು ನಾಲ್ಕು ಸಾಲು ಬರೆಸುತ್ತೇನೆ. ಕಂಟ್ರೋಲ್-ಎ ಒತ್ತಿಸಿ, ಡಿಲೀಟ್ ಒತ್ತಿಸುತ್ತೇನೆ. ಪರದೆ ಖಾಲಿ. ಈಗ ಕಂಟ್ರೋಲ್ ಗುಂಡಿ ಹಿಡಿದುಕೊಂಡೇ ಝಡ್ ಒತ್ತಿ ಎಂದರೆ ಬರೆದದ್ದೆಲ್ಲ ಮತ್ತೆ ಪ್ರತ್ಯಕ್ಷ. ದೊಡ್ಡಪ್ಪ ಅದನ್ನು ಅಳಿಸಿ, ತರಿಸಿ, ಅಳಿಸಿ, ತರಿಸಿ ನೋಡಿದರು. ಅಲ್ಲಿಂದ ಮುಂದೆ ಅವರ ಕೈ ನಡುಗಲಿಲ್ಲ. ಬಹಳ ಜನರಿಗೆ ಗೊತ್ತಿಲ್ಲದ ವಿಷಯವೆಂದರೆ ಇದೇ ಕಂಟ್ರೋಲ್-ಝಡ್ ಫೋಲ್ಡರ್‌ಗಳ ಕಿಟಕಿಯಲ್ಲೂ ಕೆಲಸ ಮಾಡುತ್ತದೆ. ಹೊಸಬರ "ಫೈಲೇ ಕಾಣ್ತಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಕಾರಣ, ಮೌಸ್ ಒತ್ತಿಹಿಡಿದಿದ್ದಾಗ ಕೈ ಜಾರಿ ಒಂದು ಫೋಲ್ಡರ್ ಪಕ್ಕದ ಫೋಲ್ಡರ್ ಒಳಗೆ ಹೋಗಿ ಬಿದ್ದಿರುವುದು. ಕೂಡಲೇ ಕಂಟ್ರೋಲ್-ಝಡ್ ಒತ್ತಿದರೆ ಅದು ಮೊದಲಿದ್ದ ಜಾಗಕ್ಕೆ ಬರುತ್ತದೆ. ಬ್ರೌಸರ್‌ನಲ್ಲಿ ಟ್ಯಾಬ್ ಮುಚ್ಚಿಹೋದರೆ ಕಂಟ್ರೋಲ್-ಶಿಫ್ಟ್-ಟಿ.

ಅಳಿಸಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗಿರುತ್ತದೆ, ಅಲ್ಲಿ ರೈಟ್ ಕ್ಲಿಕ್ ಮಾಡಿ ರಿಸ್ಟೋರ್ ಕೊಟ್ಟರೆ ವಾಪಸ್. ಇದು ಕಂಪ್ಯೂಟರ್‌ನೊಳಗಿನ ಡಿಸ್ಕ್‌ಗೆ ಮಾತ್ರ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಬಿನ್‌ಗೆ ಬರುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಶಿಫ್ಟ್ ಒತ್ತಿಹಿಡಿದು ಡಿಲೀಟ್ ಮಾಡಿದರೂ ಅಷ್ಟೇ. ಆದ್ದರಿಂದ ಮದುವೆ ಫೋಟೊಗಳನ್ನು ಪೆನ್‌ಡ್ರೈವ್ ಒಂದರಲ್ಲೇ ಇಟ್ಟುಕೊಂಡವರಿಗೆ, ಮೊದಲು ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿಕೊಳ್ಳಿ, ಅಳಿಸುವುದು ಒಗ್ಗೂಡಿಸುವುದು ಆಮೇಲೆ ಎಂದು ಒತ್ತಾಯ ಮಾಡಿಯೇ ಹೇಳುತ್ತೇನೆ.

ಹಾಳಾದಂತೆ ಕಾಣುವುದೆಲ್ಲ ಹಾಳಾಗಿರುವುದಿಲ್ಲ. ದೊಡ್ಡಪ್ಪ ಪೇಟೆಯ ಡಿಟಿಪಿ ಅಂಗಡಿಯಲ್ಲಿ ನಮ್ಮ ಮನೆತನದ ವಂಶಾವಳಿ ಟೈಪ್ ಮಾಡಿಸಿದ್ದರು. ಆ ಫೈಲನ್ನು ಮನೆಯಲ್ಲಿ ತೆರೆದಾಗ ಪುಟದ ತುಂಬ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ, ಸೊನ್ನೆ ಸುತ್ತಿದ ಗೆರೆಗಳು. ವೈರಸ್ ಹೊಕ್ಕಿದೆ ಎಂದು ಅವರು ಗಾಬರಿಯಾದರು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕೆಳಗಿನ ಇಂಗ್ಲಿಷ್ ಹಾಗೇ ಕಾಣುತ್ತದೆ. ಪಠ್ಯ ಎಲ್ಲಿಗೂ ಹೋಗಿರುವುದಿಲ್ಲ. ಅದೇ ಫಾಂಟನ್ನು ಹಾಕಿಕೊಂಡರೆ ಓದಬಹುದು. ಆದರೆ ನಾನು ಮಾಡಿದ್ದು, ಫೈಲಿನ ಒಂದು ಪ್ರತಿ ತೆಗೆದು, ನುಡಿಯ ಜೊತೆಗೇ ಬರುವ ಪರಿವರ್ತಕದಿಂದ, ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಾಯಿಸಿ, ಒಮ್ಮೆ ಕಣ್ಣಾಡಿಸಿದ್ದು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಸ್ವಲ್ಪ ತಿದ್ದಬೇಕಾಗುತ್ತದೆ. ಯೂನಿಕೋಡ್‌ನಲ್ಲಿದ್ದರೆ ಮೊಬೈಲ್‌ನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ, ಹೆಸರು ಹುಡುಕಿದರೆ ಸಿಗುತ್ತದೆ. ಮನೆಯಲ್ಲಿ ಹೊಸದಾಗಿ ಬರೆಯುವ ಯಾವುದನ್ನೂ ಯೂನಿಕೋಡ್ ಅಲ್ಲದ್ದರಲ್ಲಿ ಬರೆಯಬೇಡಿ.

ಕನ್ನಡ ಟೈಪಿಂಗ್‌ಗೆ ವಿಂಡೋಸ್‌ನಲ್ಲಿ ಬೇರೇನೂ ಕೊಳ್ಳಬೇಕಿಲ್ಲ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿ, ಅದರ ಕೀಬೋರ್ಡ್‌ಗಳಲ್ಲಿ ಫೊನೆಟಿಕ್ ಆರಿಸಿಕೊಂಡರೆ ಉಚ್ಚಾರದಂತೆ ಒತ್ತುತ್ತಾ ಹೋಗಬಹುದು. 2019ರ ಮೇ ತಿಂಗಳ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೂ ಇದು ಇದೆ. ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಬಾರ್ ಸೇರಿಸಿ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಮತ್ತೆ ವಾಪಸ್. ದೊಡ್ಡಪ್ಪನಿಗೆ ಮಾತ್ರ ನಾನು ನುಡಿಯ ವಿನ್ಯಾಸ ಕಲಿಸಿದೆ. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಗುಂಡಿ: ಅಮ್ಮ ಎನ್ನಲು ಎ, ಎಂ, ಎಫ್, ಎಂ. ಸ್ಲೇಟಿನ ಮೇಲೆ 'ಮಕ್ಕೆ ಮ ಒತ್ತು' ಎಂದು ಕಲಿತ ತಲೆಮಾರಿಗೆ ಈ ಕ್ರಮ ಕೂಡಲೇ ಹಿಡಿಸುತ್ತದೆ. ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ರೂಢಿಯಾದ ಮಕ್ಕಳಿಗೆ ಫೊನೆಟಿಕ್ ಸುಲಭ. ಯಾವುದಾದರೊಂದನ್ನು ಹಿಡಿದು ಬಿಡದೆ ಬಳಸುವುದು ಮುಖ್ಯ.

ಇನ್ನು ವಾಪಸ್ ಬಾರದವುಗಳ ಕಡೆಗೆ. ನಮ್ಮ ಮಲೆನಾಡಿನಲ್ಲಿ ಮೊದಲ ಶತ್ರು ಕರೆಂಟು. ಸೇವ್ ಮಾಡದ ಬರಹ ಕರೆಂಟ್ ಹೋದರೆ ಹೋಯಿತು. ವರ್ಡ್ ತನ್ನಷ್ಟಕ್ಕೆ ಹತ್ತು ನಿಮಿಷಕ್ಕೊಮ್ಮೆ ರಕ್ಷಣೆಯ ಪ್ರತಿ ಮಾಡಿಟ್ಟುಕೊಳ್ಳುತ್ತದೆ, ಆದರೆ ಆ ಹತ್ತು ನಿಮಿಷದಲ್ಲಿ ಬರೆದದ್ದಕ್ಕೆ ಯಾರು ಹೊಣೆ? ಹೊಸ ಫೈಲ್ ತೆರೆದ ಕೂಡಲೇ, ಒಂದು ಅಕ್ಷರ ಬರೆಯುವ ಮೊದಲೇ ಹೆಸರು ಕೊಟ್ಟು ಸೇವ್ ಮಾಡಿ. ಆಮೇಲೆ ಪ್ಯಾರಾ ಮುಗಿದಾಗಲೆಲ್ಲ ಕಂಟ್ರೋಲ್-ಎಸ್. ದೊಡ್ಡಪ್ಪ ಅಡಿಕೆ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆಯುವಾಗ ಪ್ರತಿ ಸಾಲಿಗೂ ಒತ್ತುತ್ತಾರೆ. ಅತಿಯಾಯಿತು ಎಂದು ನಾನು ಯಾವತ್ತೂ ಹೇಳಿಲ್ಲ.

ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಬೇಕೇ ಬೇಕು. ಅದು ಕೊಡುವ ಹತ್ತು ಹದಿನೈದು ನಿಮಿಷ ಕೆಲಸ ಮುಂದುವರಿಸಲು ಅಲ್ಲ, ಸೇವ್ ಮಾಡಿ ಸರಿಯಾಗಿ ಮುಚ್ಚಲು. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬಾರದು, ಅದರ ಹೀಟರ್ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಡೆಯುವುದಿಲ್ಲ. ಮನೆಗೆ ಇನ್ವರ್ಟರ್ ಇದ್ದು, ಕರೆಂಟ್ ಹೋದಾಗ ಕಂಪ್ಯೂಟರ್ ಮಾತ್ರ ಆಫ್ ಆಗಿ ಮತ್ತೆ ಆನ್ ಆಗುತ್ತಿದೆಯೇ? ಇನ್ವರ್ಟರ್ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಹಲವು ಮಾದರಿಗಳಲ್ಲಿ ಇರುತ್ತದೆ. ಅದಕ್ಕೆ ಹಾಕಿದರೆ ಬದಲಾವಣೆ ಬೇಗ ಆಗಿ ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ.

ಸಿಪಿಯು ಡಬ್ಬದ ತಗಡು ಮುಟ್ಟಿದರೆ ಚುರುಗುಟ್ಟುವುದು ಹಳೆಯ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು. ಅದು ಕಂಪ್ಯೂಟರ್ ಕೆಟ್ಟ ಲಕ್ಷಣವಲ್ಲದೆ ಇರಬಹುದು, ಅರ್ಥಿಂಗ್ ಇಲ್ಲದ ಲಕ್ಷಣ. ಒಳಗಿನ ಪವರ್ ಸಪ್ಲೈನ ಫಿಲ್ಟರ್‌ನಿಂದ ಸೋರುವ ಅಲ್ಪ ವಿದ್ಯುತ್ತು ಭೂಮಿಗೆ ಇಳಿಯಲು ದಾರಿ ಇಲ್ಲದೆ ತಗಡಿನ ಮೇಲೆ ನಿಲ್ಲುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಹಾಕಿದವರ ಮನೆಯಲ್ಲೂ ಇದೇ ಕಥೆ. ಚಪ್ಪಲಿ ಹಾಕಿಕೊಂಡು ಕೂರುವುದು ಪರಿಹಾರವಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ಟಿಗೆ ಅರ್ಥಿಂಗ್ ಕೊಡಿಸಿ.

ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತಿಡಬೇಕು. ಸ್ವಿಚ್ಚಿನೊಳಗಿನ ಸಣ್ಣ ಸಂದು ಸಿಡಿಲಿಗೆ ಲೆಕ್ಕವೇ ಅಲ್ಲ. ಇಂಟರ್‌ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ಬಿಚ್ಚಬೇಕು. ಫೈಬರ್ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಆದರೆ ಅದರ ಮೋಡೆಮ್‌ನ ಅಡಾಪ್ಟರ್ ಗೋಡೆಯಲ್ಲೇ ಇರುತ್ತದಲ್ಲ, ಅದನ್ನು ಕೀಳಿ. ಮೋಡ ಕಪ್ಪಾಗುತ್ತಿರುವಾಗಲೇ ಮಾಡಿ ಮುಗಿಸಿ. ಸಿಡಿಲು ಬಡಿಯುತ್ತಿರುವಾಗ ತಂತಿ ಮುಟ್ಟಲು ಹೋಗಬೇಡಿ.

ಹೋದರೆ ಬಾರದ ಇನ್ನೊಂದು, ಹಣ. ಇಂಟರ್‌ನೆಟ್ ನೋಡುತ್ತಿರುವಾಗ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಎಚ್ಚರಿಕೆ, ಕಿವಿಗಡಚಿಕ್ಕುವ ಸೈರನ್, "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ" ಎಂದು ಬಂದರೆ ಅದು ವಂಚನೆಯ ಪುಟ. ವಿಂಡೋಸ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ಆಲ್ಟ್-ಎಫ್4 ಒತ್ತಿ. ಮುಚ್ಚದಿದ್ದರೆ ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರನ್ನು ನಿಲ್ಲಿಸಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತೆರೆಯಲೇ ಎಂದು ಕೇಳಿದರೆ ಬೇಡ ಎನ್ನಿ. ಫೋನ್ ಮಾಡಿದವರು ಯಾರೇ ಆಗಲಿ, ನಿಮ್ಮ ಪರದೆಯನ್ನು ದೂರದಿಂದ ನೋಡುವ ಆಪ್ ಹಾಕಿಕೊಳ್ಳಿ ಎಂದರೆ ಅಲ್ಲಿಗೇ ಕರೆ ಕತ್ತರಿಸಿ. ಹಣ ಹೋಗಿಯೇ ಬಿಟ್ಟಿದ್ದರೆ ನಾಚಿಕೆ, ಸಂಕೋಚ ಪಕ್ಕಕ್ಕಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಈ ಸಂಖ್ಯೆಯನ್ನು ನಾನು ಪ್ರತಿಯೊಬ್ಬರ ಮಾನಿಟರ್ ಅಂಚಿಗೆ ಚೀಟಿ ಬರೆದು ಅಂಟಿಸಿದ್ದೇನೆ.

ಇದೇ ಕಾರಣಕ್ಕೆ ಹೇಳುವುದು: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲಿ ಲೆಕ್ಕ, ಬರಹ ನಡೆಯಲಿ. ಭದ್ರತಾ ಅಪ್‌ಡೇಟ್ ಬರದ ಯಂತ್ರದಲ್ಲಿ ಬ್ಯಾಂಕ್ ಕೆಲಸ ಬೇಡ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಡಿಸ್ಕ್ ಸಾಯುವುದು. ಅದಕ್ಕೆ ಮುನ್ಸೂಚನೆ ಇರಲೇಬೇಕೆಂದಿಲ್ಲ. ಮೊಬೈಲ್ ಫೋಟೊಗಳು ಗೂಗಲ್‌ನಲ್ಲಿವೆ, ಬ್ಯಾಕಪ್ ಆಗಿದೆ ಎಂದು ಬಹಳ ಜನ ನಿಶ್ಚಿಂತೆಯಿಂದಿರುತ್ತಾರೆ. ಆದರೆ ಕಂಪ್ಯೂಟರ್‌ನಲ್ಲಿ ಗೂಗಲ್ ಫೋಟೋಸ್ ತೆರೆದು ಜಾಗ ಖಾಲಿ ಮಾಡಲು ಅಳಿಸಿದರೆ ಮೊಬೈಲ್‌ನಿಂದಲೂ ಅಳಿಯುತ್ತದೆ. ಬ್ಯಾಕಪ್ ಆದ ಫೋಟೊ ಅಲ್ಲಿನ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಅಷ್ಟರೊಳಗೆ ನೆನಪಾಗಬೇಕು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಅಳಿಯುವುದನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ.

ನಮ್ಮಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಎರಡಿವೆ. ಒಂದು ದೊಡ್ಡಪ್ಪನ ಬೀರುವಿನಲ್ಲಿ, ಇನ್ನೊಂದು ನಮ್ಮ ಮನೆಯಲ್ಲಿ. ನಮ್ಮ ಮಳೆಗಾಲದ ಥಂಡಿಗೆ ಎರಡನ್ನೂ ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟಿದ್ದೇವೆ. ಬ್ಯಾಕಪ್‌ಗೆ ದಿನ ಗೊತ್ತುಮಾಡಿದವರು ದೊಡ್ಡಪ್ಪನೇ: ಅಮಾವಾಸ್ಯೆ. ಕ್ಯಾಲೆಂಡರ್‌ನಲ್ಲಿ ಕಪ್ಪಗೆ ಕಾಣುತ್ತದೆ, ತೋಟದ ಕೆಲಸಕ್ಕೆ ಆಳುಗಳು ಬರುವುದಿಲ್ಲ, ಮರೆಯುವ ಮಾತೇ ಇಲ್ಲ. ಎಲ್ಲ ಫೈಲುಗಳೂ ಒಂದೇ ಫೋಲ್ಡರ್ ಒಳಗೆ ವರ್ಷದ ಹೆಸರಿನ ಕೆಳಗೆ ಇರುವುದರಿಂದ ಅದೊಂದನ್ನು ಎಳೆದು ಹಾಕಿದರೆ ಮುಗಿಯಿತು. ಹಾಕಿದ ಮೇಲೆ ಡಿಸ್ಕಿನಿಂದಲೇ ಒಂದೆರಡು ಫೈಲು ತೆರೆದು ನೋಡುತ್ತಾರೆ, ಆಮೇಲೆ ಇಜೆಕ್ಟ್ ಕೊಟ್ಟು ಕೇಬಲ್ ಬಿಚ್ಚುತ್ತಾರೆ. ಸದಾ ಸಿಕ್ಕಿಸಿಯೇ ಇಟ್ಟ ಡಿಸ್ಕ್ ಸಿಡಿಲಿಗೂ ಸಿಗುತ್ತದೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗೂ ಸಿಗುತ್ತದೆ.