ಹೈಡ್ ಆಗಿರೋ ಫೈಲ್ ನೋಡೋದು ಹೇಗೆ (ಪೆನ್ ಡ್ರೈವ್ ಖಾಲಿ ಅಂತ ಫಾರ್ಮ್ಯಾಟ್ ಹೊಡೆಯೋಕೆ ಮುಂಚೆ ಓದಿ)

ಮೊದ್ಲು ನಾನು ಮಾಡಿದ ದಡ್ಡತನ ಹೇಳ್ಬಿಡ್ತೀನಿ. ಅಕ್ಕ ಒಂದಿನ ಪೆನ್ ಡ್ರೈವ್ ತಂದು ಕೈಗಿಟ್ಟು "ಇದ್ರಲ್ಲಿದ್ದ ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಹೋಗಿದೆ ನೋಡೋ" ಅಂದ್ಲು. ಓಪನ್ ಮಾಡಿದ್ರೆ ನಿಜವಾಗ್ಲೂ ಏನೂ ಇಲ್ಲ, ಒಂದೇ ಒಂದು ಶಾರ್ಟ್‌ಕಟ್ ಐಕಾನ್ ಕೂತಿದೆ. ಮನೇಲಿ ಕಂಪ್ಯೂಟರ್ ಗೊತ್ತಿರೋನು ಅಂತ ನಂಗೆ ಹೆಸರು ಬೇರೆ, "ವೈರಸ್ ತಿಂದಾಕಿದೆ ಅಕ್ಕಾ, ಫಾರ್ಮ್ಯಾಟ್ ಮಾಡ್ಕೊಡ್ತೀನಿ" ಅಂದು ಒತ್ತೇಬಿಟ್ಟೆ. ಆ ವಿಂಡೋ ಪಕ್ಕದಲ್ಲೇ ಡ್ರೈವಿನ ಪ್ರಾಪರ್ಟೀಸ್ ಓಪನ್ ಇತ್ತು, ಯೂಸ್ಡ್ ಸ್ಪೇಸ್ 5 ಜಿಬಿ ಚಿಲ್ಲರೆ ಅಂತ ತೋರಿಸ್ತಾ ಇತ್ತು. ಖಾಲಿ ಡ್ರೈವಲ್ಲಿ 5 ಜಿಬಿ ಎಲ್ಲಿಂದ ಬಂತು ಅಂತ ತಲೆಗೆ ಹೊಳೆದಿದ್ದು ಫಾರ್ಮ್ಯಾಟ್ ಮುಗಿದ ಮೇಲೆ. ಅಕ್ಕ ಈಗ್ಲೂ ನನ್ನ ಕೈಗೆ ಪೆನ್ ಡ್ರೈವ್ ಕೊಡಲ್ಲ.

ಅದಕ್ಕೇ ಮೊದಲನೇ ಕೆಲ್ಸ ಇದು. ಫೈಲ್ ಕಾಣ್ತಿಲ್ಲ ಅಂದ್ರೆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಒಳಗೆ ಏನೂ ಕಾಣದೆ ಇದ್ರೂ ಯೂಸ್ಡ್ ಸ್ಪೇಸ್ ಜಾಸ್ತಿ ಇದ್ರೆ ಫೈಲ್ ಅಲ್ಲೇ ಎಲ್ಲೋ ಕೂತಿದೆ, ಹೈಡ್ ಆಗಿದೆ ಅಷ್ಟೇ, ಗಾಬರಿ ಬೇಡ. ಡೆಸ್ಕ್‌ಟಾಪ್ ಮೇಲಿದ್ದ ಐಕಾನ್ ಎಲ್ಲಾ ಒಟ್ಟಿಗೇ ಮಾಯ ಆಗಿದ್ರೆ ಅದು ಈ ವಿಷಯಾನೇ ಅಲ್ಲ, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ವ್ಯೂ ಒಳಗೆ 'ಶೋ ಡೆಸ್ಕ್‌ಟಾಪ್ ಐಕಾನ್ಸ್' ಅನ್ನೋದಕ್ಕೆ ಟಿಕ್ ಇದೆಯಾ ನೋಡಿ, ತುಂಬಾ ಜನ ಇದಕ್ಕೇ ಹೆದರ್ಕೊಂಡು ವಿಂಡೋಸ್ ಮತ್ತೆ ಹಾಕಿಸೋಕೆ ಹೊರಟುಬಿಡ್ತಾರೆ.

ಹೈಡ್ ಅಂದ್ರೆ ಏನು ಅಂತ ಒಂಚೂರು ತಿಳ್ಕೊಂಡ್ರೆ ಮುಂದಿನದೆಲ್ಲಾ ಸಲೀಸು. ವಿಂಡೋಸಲ್ಲಿ ಪ್ರತಿ ಫೈಲಿಗೂ ಒಂದಷ್ಟು ಗುರುತು ಅಂಟ್ಕೊಂಡಿರುತ್ತೆ, ಆಟ್ರಿಬ್ಯೂಟ್ ಅಂತಾರೆ, ಅದ್ರಲ್ಲಿ ರೀಡ್ ಓನ್ಲಿ, ಹಿಡನ್, ಸಿಸ್ಟಮ್ ಅಂತೆಲ್ಲಾ ಇವೆ, ವಿಂಡೋಸಿಗೂ ಮುಂಚೆ ಇದ್ದ ಡಾಸ್ ಕಾಲದಿಂದ ಬಂದಿರೋ ಪದ್ಧತಿ. ಹಿಡನ್ ಗುರುತು ಹಾಕಿದ್ರೆ ಎಕ್ಸ್‌ಪ್ಲೋರರ್ (ಫೋಲ್ಡರ್ ತೆಗೆದಾಗ ಬರೋ ವಿಂಡೋ) ಆ ಫೈಲನ್ನ ಪಟ್ಟಿಯಲ್ಲಿ ತೋರಿಸಲ್ಲ. ಲಿನಕ್ಸಲ್ಲಿ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಈ ಗುರುತಿನ ತಂಟೆಯೇ ಇಲ್ಲ, ಫೈಲ್ ಹೆಸರು ಚುಕ್ಕಿಯಿಂದ ಶುರುವಾದ್ರೆ ಹೈಡ್. ಮ್ಯಾಕಲ್ಲಿ ಎರಡೂ ನಡೆಯುತ್ತೆ. ಮೂರರಲ್ಲೂ ಬೀಗ ಅಂತ ಏನೂ ಬಿದ್ದಿರಲ್ಲ, ಬಾಗಿಲಿಗೆ ಒಂದು ಪರದೆ ಎಳೆದಿರ್ತಾರೆ ಅಷ್ಟೇ.

ವಿಂಡೋಸ್ 11 ಇದ್ರೆ ಫೈಲ್ ಎಕ್ಸ್‌ಪ್ಲೋರರ್ ತೆಗೀರಿ (ವಿಂಡೋಸ್ ಕೀ ಜೊತೆ ಇ), ಮೇಲೆ ವ್ಯೂ ಒತ್ತಿ, ಕೊನೇಲಿ ಶೋ ಅಂತಿರುತ್ತೆ, ಅದ್ರೊಳಗೆ 'ಹಿಡನ್ ಐಟಮ್ಸ್' ಒತ್ತಿ, ಮುಗೀತು. ವಿಂಡೋಸ್ 10ರಲ್ಲಿ ಇನ್ನೂ ಸುಲಭ, ವ್ಯೂ ಟ್ಯಾಬ್ ಒತ್ತಿದ್ರೆ ಬಲಗಡೆ 'ಹಿಡನ್ ಐಟಮ್ಸ್' ಅಂತ ಚೆಕ್ ಬಾಕ್ಸ್ ಎದುರಿಗೇ ಇದೆ. ವಿಂಡೋಸ್ 7 ಇನ್ನೂ ಓಡಿಸ್ತಿರೋರು ಇದ್ದಾರೆ ಅಂತ ಗೊತ್ತು, ಅವ್ರು ಆರ್ಗನೈಸ್ ಮೆನುವಲ್ಲಿ 'ಫೋಲ್ಡರ್ ಅಂಡ್ ಸರ್ಚ್ ಆಪ್ಷನ್ಸ್' ತೆಗೆದು ವ್ಯೂ ಟ್ಯಾಬಿಗೆ ಹೋಗಿ 'ಶೋ ಹಿಡನ್ ಫೈಲ್ಸ್, ಫೋಲ್ಡರ್ಸ್ ಅಂಡ್ ಡ್ರೈವ್ಸ್' ಸೆಲೆಕ್ಟ್ ಮಾಡಿ ಓಕೆ ಕೊಡ್ಬೇಕು. ಈಗ ಹೈಡ್ ಆಗಿದ್ದ ಫೈಲೆಲ್ಲಾ ಸ್ವಲ್ಪ ಮಸುಕು ಮಸುಕಾಗಿ ಕಾಣುತ್ತೆ. ಆ ಮಸುಕು ನೋಡಿ ಫೈಲ್ ಕೆಟ್ಟೋಗಿದೆ ಅಂದ್ಕೋಬೇಡಿ, ಇದು ಹಿಡನ್ ಫೈಲ್ ಅಂತ ನಿಮಗೆ ತಿಳಿಸೋಕೆ ಹಾಗೆ ತೋರಿಸೋದು.

ಅದೇ ಜಾಗದಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' (ಫೈಲ್ ಯಾವ ಬಗೆಯದು ಅಂತ ಹೇಳೋ, ಹೆಸರಿನ ಕೊನೇಲಿ ಚುಕ್ಕಿ ಆದ್ಮೇಲೆ ಬರೋ ಭಾಗ) ಅಂತಾನೂ ಒಂದು ಇದೆ, ಅದನ್ನೂ ಆನ್ ಮಾಡ್ಕೊಂಡುಬಿಡಿ, ಕಾರಣ ಮುಂದೆ ಹೇಳ್ತೀನಿ.

ಇಷ್ಟು ಮಾಡಿದ್ರೂ ಕಾಣ್ಲಿಲ್ವಾ? ಅಲ್ಲೇ ಇರೋದು ಮಜಾ. ವಿಂಡೋಸಲ್ಲಿ ಪರದೆ ಎರಡು ಇದೆ. ಹಿಡನ್ ಗುರುತಿನ ಜೊತೆ ಸಿಸ್ಟಮ್ ಗುರುತೂ ಸೇರಿದ್ರೆ ಮೇಲೆ ಹೇಳಿದ ಟಿಕ್ ಹಾಕಿದ್ರೂ ಆ ಫೈಲ್ ಕಾಣಲ್ಲ. ಅದಕ್ಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ರನ್ ಬಾಕ್ಸಲ್ಲಿ 'ಕಂಟ್ರೋಲ್ ಫೋಲ್ಡರ್ಸ್' ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ವಿಂಡೋಸ್ ಯಾವುದೇ ಇರ್ಲಿ, ಮೆನು ಎಲ್ಲಿದೆ ಅಂತ ಹುಡುಕೋ ತಾಪತ್ರಯ ತಪ್ಪುತ್ತೆ. ವ್ಯೂ ಟ್ಯಾಬಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಅನ್ನೋ ಸಾಲು ಇದೆ, ಆ ಟಿಕ್ ತೆಗೀಬೇಕು (ಹಾಕೋದಲ್ಲ, ತೆಗೆಯೋದು, ಇಲ್ಲಿ ಎಲ್ರೂ ಒಂದ್ಸಲ ಎಡವುತ್ತಾರೆ). ಒಂದು ಎಚ್ಚರಿಕೆ ಬರುತ್ತೆ, ಯೆಸ್ ಕೊಡಿ, ಆಮೇಲೆ ಓಕೆ.

ಇದನ್ನ ತೆಗೆದ ತಕ್ಷಣ ಏನೇನೋ ಹೊಸ ಮುಖಗಳು ಕಾಣುತ್ತೆ. ಡೆಸ್ಕ್‌ಟಾಪ್ ಮೇಲೆ 'ಡೆಸ್ಕ್‌ಟಾಪ್ ಡಾಟ್ ಐಎನ್‌ಐ' ಅಂತ ಒಂದೇ ಹೆಸರಿನ ಎರಡು ಫೈಲ್ ಬಂದು ಕೂರುತ್ತೆ, ಒಂದೇ ಫೋಲ್ಡರಲ್ಲಿ ಒಂದೇ ಹೆಸರಿನ ಎರಡು ಫೈಲ್ ಹೇಗೆ ಅಂತ ತಲೆ ಕೆಡಿಸ್ಕೋಬೇಡಿ, ನೀವು ನೋಡೋ ಡೆಸ್ಕ್‌ಟಾಪ್ ಅಸಲಿಗೆ ಎರಡು ಫೋಲ್ಡರ್ ಸೇರಿ ಆಗಿರೋದು, ಒಂದು ನಿಮ್ಮದು, ಇನ್ನೊಂದು ಆ ಕಂಪ್ಯೂಟರಿನ ಎಲ್ಲಾ ಯೂಸರ್‌ಗೂ ಸೇರಿದ ಪಬ್ಲಿಕ್ ಡೆಸ್ಕ್‌ಟಾಪ್, ಎರಡರಲ್ಲೂ ಒಂದೊಂದು ಇದೆ. ಫೋಲ್ಡರಿನ ಐಕಾನ್ ಯಾವುದು, ಯಾವ ಹೆಸರಲ್ಲಿ ತೋರಿಸ್ಬೇಕು ಅನ್ನೋದು ಅದ್ರಲ್ಲಿರುತ್ತೆ, ವೈರಸ್ ಅಲ್ಲ. ಸಿ ಡ್ರೈವಲ್ಲಿ 'ಪೇಜ್‌ಫೈಲ್ ಡಾಟ್ ಸಿಸ್', 'ಹೈಬರ್‌ಫಿಲ್ ಡಾಟ್ ಸಿಸ್' ಅಂತ ಜಿಬಿಗಟ್ಟಲೆ ದೊಡ್ಡ ಫೈಲ್ ಕಾಣುತ್ತೆ, ಜಾಗ ಉಳಿಸೋಣ ಅಂತ ಅದಕ್ಕೆ ಕೈ ಹಾಕೋಕೆ ಹೋಗ್ಬೇಡಿ. ಮೊದಲನೇದು ರ್‍ಯಾಮ್ ಸಾಲದೆ ಇದ್ದಾಗ ಬಳಸೋ ಜಾಗ, ಎರಡನೇದು ಹೈಬರ್ನೇಟ್ ಮಾಡಿದಾಗ ಮೆಮೊರಿಯಲ್ಲಿರೋದನ್ನ ಇಳಿಸಿಡೋ ಜಾಗ. ಬೇಡ ಅಂದ್ರೆ ಅದನ್ನ ಆಫ್ ಮಾಡೋ ದಾರಿ ಬೇರೆ ಇದೆ, ಡಿಲೀಟ್ ಕೀ ಅದರ ದಾರಿ ಅಲ್ಲ. ನಿಮ್ಮ ಫೈಲ್ ಹುಡುಕಿ ಆಯ್ತು ಅಂದ್ರೆ ಈ ಎರಡನೇ ಟಿಕ್ ಮಾತ್ರ ವಾಪಸ್ ಹಾಕ್ಬಿಡಿ. ಮೊದಲನೇ ಹಿಡನ್ ಐಟಮ್ಸ್ ಯಾವಾಗ್ಲೂ ಆನ್ ಇದ್ರೂ ನನ್ನ ಪ್ರಕಾರ ತೊಂದ್ರೆ ಇಲ್ಲ, ನಾನು ಹಾಗೇ ಇಟ್ಕೊಂಡಿದ್ದೀನಿ.

ಈಗ ಅಕ್ಕನ ಪೆನ್ ಡ್ರೈವ್ ವಿಷ್ಯಕ್ಕೆ ಬರೋಣ. ಶಾರ್ಟ್‌ಕಟ್ ವೈರಸ್ ಅಂತ ಜನ ಕರೆಯೋದು ಏನ್ಮಾಡುತ್ತೆ ಅಂದ್ರೆ ನಿಮ್ಮ ಫೈಲ್ ಫೋಲ್ಡರ್ ಎಲ್ಲಕ್ಕೂ ಹಿಡನ್, ಸಿಸ್ಟಮ್ ಎರಡೂ ಗುರುತು ಹಾಕಿ ಮರೆಮಾಡಿ, ಅದೇ ಹೆಸರಲ್ಲಿ ಒಂದು ಶಾರ್ಟ್‌ಕಟ್ ಇಡುತ್ತೆ. ನೀವು ಫೋಲ್ಡರ್ ಅಂದ್ಕೊಂಡು ಅದನ್ನ ಡಬಲ್ ಕ್ಲಿಕ್ ಮಾಡ್ತೀರ, ವೈರಸ್ ಓಡುತ್ತೆ, ಜೊತೆಗೆ ನಿಮ್ಮ ಫೋಲ್ಡರೂ ಓಪನ್ ಆಗುತ್ತೆ, ಹಾಗಾಗಿ ಅನುಮಾನಾನೇ ಬರಲ್ಲ. ಐಕಾನ್ ಮೂಲೇಲಿ ಸಣ್ಣ ಬಾಣದ ಗುರುತು ಇದ್ರೆ ಅದು ಶಾರ್ಟ್‌ಕಟ್. ಇನ್ನು ಕೆಲವು ವೈರಸ್ ಫೋಲ್ಡರ್ ಐಕಾನ್ ಹಾಕ್ಕೊಂಡಿರೋ ಇಎಕ್ಸ್‌ಇ ಫೈಲ್ (ಅಂದ್ರೆ ಒತ್ತಿದ್ರೆ ಓಡೋ ಪ್ರೋಗ್ರಾಮ್) ಆಗಿರುತ್ತೆ, ಎಕ್ಸ್‌ಟೆನ್ಷನ್ ಆನ್ ಮಾಡಿ ಅಂದಿದ್ದು ಇದಕ್ಕೇ, ಫೋಲ್ಡರಿನ ಹೆಸರಿನ ಕೊನೇಲಿ ಡಾಟ್ ಇಎಕ್ಸ್‌ಇ ಕಂಡ್ರೆ ಆಟ ಗೊತ್ತಾಯ್ತು.

ಮೊದ್ಲು ಏನೂ ಕ್ಲಿಕ್ ಮಾಡ್ದೆ ಆಂಟಿವೈರಸಲ್ಲಿ ಡ್ರೈವ್ ಸ್ಕ್ಯಾನ್ ಮಾಡಿ. ಸ್ಕ್ಯಾನ್ ಆದ ಮೇಲೆ ವೈರಸ್ ಹೋಗುತ್ತೆ ಆದ್ರೆ ಅದು ಹಾಕಿದ್ದ ಗುರುತು ಸಾಮಾನ್ಯವಾಗಿ ಹಾಗೇ ಉಳಿಯುತ್ತೆ, ಅದನ್ನ ನಾವೇ ತೆಗೀಬೇಕು. ಪ್ರಾಪರ್ಟೀಸಲ್ಲಿ ಹಿಡನ್ ಟಿಕ್ ತೆಗೆಯೋಣ ಅಂದ್ರೆ ಅದು ಮಂಕಾಗಿರುತ್ತೆ, ಒತ್ತೋಕೇ ಆಗಲ್ಲ, ಯಾಕಂದ್ರೆ ಸಿಸ್ಟಮ್ ಗುರುತು ಜೊತೆಗಿದೆ. ಆಗ ಕಮಾಂಡ್ ಪ್ರಾಂಪ್ಟೇ ಗತಿ. ರನ್ ಬಾಕ್ಸಲ್ಲಿ ಸಿ ಎಂ ಡಿ ಅಂತ ಹೊಡೆದು ಕಪ್ಪು ವಿಂಡೋ ತೆಗೀರಿ. ನಿಮ್ಮ ಪೆನ್ ಡ್ರೈವ್ ಅಕ್ಷರ ಎಫ್ ಅಂದ್ಕೊಳ್ಳಿ, ಎಫ್ ಹೊಡೆದು ಪಕ್ಕದಲ್ಲಿ ಕೋಲನ್ ಹಾಕಿ ಎಂಟರ್, ಸಾಲಿನ ಶುರುವಲ್ಲಿ ಎಫ್ ಬಂತಾ ಅಂತ ಕಣ್ಣಾರೆ ನೋಡಿ, ಆಮೇಲೆ ಈ ಸಾಲು:

ಆಟ್ರಿಬ್ -ಎಚ್ -ಎಸ್ -ಆರ್ *.* /ಎಸ್ /ಡಿ

ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು, ಮೊದಲನೇ ಪದ ಎ ಟಿ ಟಿ ಆರ್ ಐ ಬಿ, ಮಧ್ಯ ಸ್ಪೇಸ್ ಮರೀಬೇಡಿ. ಮೈನಸ್ ಎಚ್ ಅಂದ್ರೆ ಹಿಡನ್ ತೆಗಿ, ಮೈನಸ್ ಎಸ್ ಅಂದ್ರೆ ಸಿಸ್ಟಮ್ ತೆಗಿ, ಮೈನಸ್ ಆರ್ ಅಂದ್ರೆ ರೀಡ್ ಓನ್ಲಿ ತೆಗಿ, ಸ್ಲ್ಯಾಶ್ ಎಸ್ ಅಂದ್ರೆ ಒಳಗಿನ ಫೋಲ್ಡರಿಗೂ ಹೋಗು, ಸ್ಲ್ಯಾಶ್ ಡಿ ಅಂದ್ರೆ ಫೋಲ್ಡರಿಗೂ ಇದನ್ನೇ ಮಾಡು. ಎಸ್ ಬಿಟ್ಟು ಬರೀ ಎಚ್ ತೆಗೆಯೋಕೆ ಹೋದ್ರೆ 'ನಾಟ್ ರಿಸೆಟಿಂಗ್ ಸಿಸ್ಟಮ್ ಫೈಲ್' ಅಂತ ಬೈದು ಸುಮ್ಮನಾಗುತ್ತೆ, ಎರಡನ್ನೂ ಒಟ್ಟಿಗೆ ಕೊಡ್ಬೇಕು. ಫೈಲ್ ಜಾಸ್ತಿ ಇದ್ರೆ ಸ್ವಲ್ಪ ಹೊತ್ತು ಏನೂ ಹೇಳ್ದೆ ಕೂತಿರುತ್ತೆ, ಕಾಯಿರಿ. ಮಧ್ಯೆ 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್' ಹೆಸರು ಹೇಳಿ ಆಕ್ಸೆಸ್ ಡಿನೈಡ್ ಅಂದ್ರೂ ಪರವಾಗಿಲ್ಲ, ಅದು ವಿಂಡೋಸ್ ತನಗೇ ಅಂತ ಇಟ್ಕೊಂಡಿರೋ ಫೋಲ್ಡರ್. ಆಮೇಲೆ ಡ್ರೈವ್ ಓಪನ್ ಮಾಡಿದಾಗ ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡ್ರೆ ಅದ್ರೊಳಗೂ ನೋಡಿ, ಕೆಲವು ವೈರಸ್ ಎಲ್ಲವನ್ನೂ ಅಂಥ ಫೋಲ್ಡರಿಗೆ ತುಂಬಿಸಿಟ್ಟಿರುತ್ತೆ.

ಈ ಕಮಾಂಡನ್ನ ಸಿ ಡ್ರೈವಲ್ಲಿ ಯಾವತ್ತೂ ಹೊಡೀಬೇಡಿ, ಅಲ್ಲಿ ಗುರುತು ಹಾಕಿರೋದು ವೈರಸ್ ಅಲ್ಲ, ವಿಂಡೋಸೇ.

ಇನ್ನೊಂದು ಲಕ್ಷಣ ಹೇಳ್ತೀನಿ. ಹಿಡನ್ ಫೈಲ್ ತೋರಿಸು ಅಂತ ಸೆಟ್ ಮಾಡಿ ಓಕೆ ಕೊಟ್ಟು ಮತ್ತೆ ಬಂದು ನೋಡಿದ್ರೆ ಹಳೇದಕ್ಕೇ ವಾಪಸ್ ಹೋಗಿದ್ರೆ, ಅದು ಪೆನ್ ಡ್ರೈವ್ ಸಮಸ್ಯೆ ಅಲ್ಲ, ಕಂಪ್ಯೂಟರಲ್ಲೇ ಏನೋ ಹೊಕ್ಕಿರೋ ಅನುಮಾನ. ಆ ಸೆಟ್ಟಿಂಗ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗೆಲ್ಲಾ ಬರೆದಿಟ್ಕೊಳ್ಳೋ ಜಾಗ) ಇರೋದ್ರಿಂದ ಅಲ್ಲೇ ಕೈಯಾಡಿಸೋ ವೈರಸ್‌ಗಳಿವೆ. ಮೊದ್ಲು ಪೂರ್ತಿ ಸ್ಕ್ಯಾನ್, ಉಳಿದಿದ್ದೆಲ್ಲಾ ಆಮೇಲೆ.

ವೈರಸ್ ಗಿರಸ್ ಏನಿಲ್ಲ, ಯಾವುದೋ ಸಾಫ್ಟ್‌ವೇರಿನ ಸೆಟ್ಟಿಂಗ್ ಇಲ್ಲಾ ಗೇಮ್ ಸೇವ್ ಹುಡುಕೋಕೆ ಬೇಕಿತ್ತು ಅಂತ ಬಂದಿದ್ರೆ ನಿಮಗೆ ಬೇಕಿರೋದು 'ಆಪ್‌ಡೇಟಾ' ಫೋಲ್ಡರ್. ಅದು ಸಿ ಡ್ರೈವಲ್ಲಿ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರಲ್ಲಿ ಹೈಡ್ ಆಗಿರುತ್ತೆ, ಒಳಗೆ ಲೋಕಲ್, ಲೋಕಲ್‌ಲೋ, ರೋಮಿಂಗ್ ಅಂತ ಮೂರು. ಇದಕ್ಕೆ ಯಾವ ಟಿಕ್ಕೂ ಬೇಡ, ರನ್ ಬಾಕ್ಸಲ್ಲಿ ಆಪ್‌ಡೇಟಾ ಅನ್ನೋ ಪದದ ಹಿಂದೆ ಮುಂದೆ ಒಂದೊಂದು ಪರ್ಸೆಂಟ್ ಚಿಹ್ನೆ ಹಾಕಿ ಎಂಟರ್ ಕೊಟ್ರೆ ನೇರ ರೋಮಿಂಗಿಗೆ ಹೋಗುತ್ತೆ. ಹೈಡ್ ಆಗಿರೋ ಫೋಲ್ಡರಿನ ಪೂರ್ತಿ ದಾರಿ ಗೊತ್ತಿದ್ರೆ ಎಕ್ಸ್‌ಪ್ಲೋರರಿನ ಅಡ್ರೆಸ್ ಬಾರಲ್ಲಿ ಟೈಪ್ ಮಾಡಿದ್ರೂ ಸಾಕು, ತೋರಿಸು ಅಂತ ಹೇಳದೇ ಇದ್ರೂ ಬಾಗಿಲು ತೆರೆಯುತ್ತೆ.

ಮ್ಯಾಕ್ ಇರೋರಿಗೆ ಇಷ್ಟೆಲ್ಲಾ ಗೋಳಿಲ್ಲ. ಫೈಂಡರ್ ತೆಗೆದು ಕಮಾಂಡ್, ಶಿಫ್ಟ್, ಚುಕ್ಕಿ ಮೂರೂ ಒಟ್ಟಿಗೆ ಒತ್ತಿ, ಕಾಣುತ್ತೆ, ಇನ್ನೊಂದ್ಸಲ ಒತ್ತಿ, ಹೋಗುತ್ತೆ. 2016ರ ಸಿಯೆರಾದಿಂದ ಇದು ಇದೆ. ಫೈಲ್ ಸೇವ್ ಮಾಡೋ ವಿಂಡೋದಲ್ಲೂ ಕೆಲ್ಸ ಮಾಡುತ್ತೆ. ಬರೀ ಲೈಬ್ರರಿ ಫೋಲ್ಡರ್ (ಸಾಫ್ಟ್‌ವೇರುಗಳ ಸೆಟ್ಟಿಂಗ್ ಇರೋ ಜಾಗ) ಬೇಕಿದ್ರೆ ಮೇಲಿನ ಗೋ ಮೆನು ತೆಗೆದು ಆಪ್ಷನ್ ಕೀ ಒತ್ತಿ ಹಿಡ್ಕೊಳ್ಳಿ, ಪಟ್ಟಿಯಲ್ಲಿ ಲೈಬ್ರರಿ ತಾನಾಗೇ ಬಂದು ಸೇರ್ಕೊಳ್ಳುತ್ತೆ. ಎಲ್ಲಾ ಫೋಲ್ಡರಲ್ಲೂ ಕಾಣೋ 'ಡಾಟ್ ಡಿಎಸ್ ಸ್ಟೋರ್' ಅನ್ನೋದು ಆ ಫೋಲ್ಡರಲ್ಲಿ ಐಕಾನ್ ಎಲ್ಲೆಲ್ಲಿತ್ತು, ಹೇಗೆ ತೋರಿಸ್ಬೇಕು ಅನ್ನೋ ನೆನಪು ಅಷ್ಟೇ. ಮ್ಯಾಕಲ್ಲಿ ಬಳಸಿದ ಪೆನ್ ಡ್ರೈವನ್ನ ವಿಂಡೋಸಿಗೆ ಹಾಕಿದಾಗ ಇದು ಕಂಡ್ರೆ ಧಾರಾಳವಾಗಿ ಅಳಿಸಬಹುದು.

ಲಿನಕ್ಸಲ್ಲಿ ಉಬುಂಟು, ಮಿಂಟ್ ಥರದ್ದರ ಫೈಲ್ ಮ್ಯಾನೇಜರಲ್ಲಿ ಕಂಟ್ರೋಲ್ ಎಚ್, ಕೆಡಿಇ ಡೆಸ್ಕ್‌ಟಾಪ್ ಇರೋ ಲಿನಕ್ಸಿನ ಫೈಲ್ ಮ್ಯಾನೇಜರ್ ಡಾಲ್ಫಿನಲ್ಲಿ ಆಲ್ಟ್ ಜೊತೆ ಚುಕ್ಕಿ. ಟರ್ಮಿನಲಲ್ಲಿ ಎಲ್ ಎಸ್ ಹೊಡೆದು ಸ್ಪೇಸ್ ಬಿಟ್ಟು ಮೈನಸ್ ಎ. ಅಲ್ಲಿ ಮೊದ್ಲಿಗೆ ಬರೀ ಒಂದು ಚುಕ್ಕಿ, ಆಮೇಲೆ ಎರಡು ಚುಕ್ಕಿ ಅಂತ ಕಾಣುತ್ತಲ್ಲ, ಈ ಹೈಡ್ ಅನ್ನೋ ಪದ್ಧತಿ ಹುಟ್ಟಿದ್ದೇ ಅವುಗಳಿಂದ. ಒಂದು ಚುಕ್ಕಿ ಅಂದ್ರೆ ಈಗಿರೋ ಫೋಲ್ಡರ್, ಎರಡು ಅಂದ್ರೆ ಮೇಲಿನದು. ಲಿನಕ್ಸಿಗೆ ಮಾದರಿಯಾದ ಹಳೇ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್‌ನ ಶುರುವಿನ ದಿನಗಳಲ್ಲಿ ಪಟ್ಟಿ ತೆಗೆದಾಗೆಲ್ಲಾ ಇವೆರಡು ಬಂದು ಕಾಟ ಕೊಡುತ್ತೆ ಅಂತ, ಹೆಸರಿನ ಮೊದಲಕ್ಷರ ಚುಕ್ಕಿ ಇದ್ರೆ ಬಿಟ್ಟುಬಿಡು ಅಂತ ಪ್ರೋಗ್ರಾಮಲ್ಲಿ ಒಂದು ಸಾಲು ಸೇರಿಸಿದ್ರಂತೆ. ಬರೀ ಆ ಎರಡನ್ನ ಬಿಡೋಕೆ ಹೋಗಿ ಚುಕ್ಕಿಯಿಂದ ಶುರುವಾಗೋ ಎಲ್ಲಾ ಫೈಲೂ ಮರೆಯಾಗೋ ಹಾಗಾಯ್ತು, ಆಮೇಲೆ ಜನ ಅದನ್ನೇ ಸೌಕರ್ಯ ಅಂತ ಬಳಸ್ಕೊಂಡು ತಮ್ಮ ಸೆಟ್ಟಿಂಗ್ ಫೈಲೆಲ್ಲಾ ಚುಕ್ಕಿ ಹಾಕಿ ಅಡಗಿಸಿಡೋಕೆ ಶುರು ಮಾಡಿದ್ರು. ಬೆಲ್ ಲ್ಯಾಬ್ಸಲ್ಲಿ ಯುನಿಕ್ಸ್ ಮೇಲೆ ಕೆಲ್ಸ ಮಾಡಿದ ರಾಬ್ ಪೈಕ್ 2012ರಲ್ಲಿ ಇದನ್ನ ಬರೆದಿದ್ರು, ಅವ್ರಿಗೆ ಇದು ಸೌಕರ್ಯ ಅಲ್ಲ, ಎಡವಟ್ಟು. ಓದಿದಾಗಿಂದ ನಂಗೆ ನನ್ನ ಹೋಮ್ ಫೋಲ್ಡರ್ ತುಂಬಾ ಇರೋ ಚುಕ್ಕಿ ಫೈಲ್ ನೋಡಿದಾಗೆಲ್ಲಾ ನಗು ಬರುತ್ತೆ.

ಇದ್ರಿಂದ ಇನ್ನೊಂದು ಉಪಯೋಗ ಇದೆ. ವಿಂಡೋಸಿನ ಹಿಡನ್ ಗುರುತಿಗೆ ಲಿನಕ್ಸ್ ಸಾಮಾನ್ಯವಾಗಿ ಸೊಪ್ಪು ಹಾಕಲ್ಲ. ಹಾಗಾಗಿ ವಿಂಡೋಸಲ್ಲಿ ಖಾಲಿ ಕಾಣೋ ಪೆನ್ ಡ್ರೈವನ್ನ ಲಿನಕ್ಸ್ ಕಂಪ್ಯೂಟರಿಗೆ ಚುಚ್ಚಿದ್ರೆ ಫೈಲೆಲ್ಲಾ ಏನೂ ಆಗಿಲ್ಲ ಅನ್ನೋ ಥರ ಕಾಣುತ್ತೆ, ವಿಂಡೋಸ್ ವೈರಸ್ ಅಲ್ಲಿ ಓಡೋದೂ ಇಲ್ಲ, ಆರಾಮಾಗಿ ಕಾಪಿ ಮಾಡ್ಕೋಬಹುದು.

ಫೈಲ್ ಯಾರಿಗೂ ಕಾಣ್ಬಾರ್ದು ಅಂತ ಹೈಡ್ ಮಾಡೋರಿಗೂ ಉತ್ತರ ಇದ್ರಲ್ಲೇ ಸಿಕ್ಕಿರ್ಬೇಕು, ಕಂಟ್ರೋಲ್ ಎಚ್ ಗೊತ್ತಿರೋ ಯಾರು ಬೇಕಾದ್ರೂ ನೋಡ್ಬಹುದು, ನಿಜವಾಗ್ಲೂ ಗುಟ್ಟಾಗಿ ಇಡ್ಬೇಕು ಅಂದ್ರೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿ.

ಕೊನೇದಾಗಿ ಒಂದು ಸಣ್ಣ ವಿಷ್ಯ, ಹಿಡನ್ ಐಟಮ್ಸ್ ಆನ್ ಮಾಡಿದ್ಮೇಲೆ ವರ್ಡ್ ಫೈಲ್ ಪಕ್ಕದಲ್ಲಿ ಹೆಸರಿನ ಮುಂದೆ ಒಂದು ಅಲೆ ಗೀಟು, ಒಂದು ಡಾಲರ್ ಚಿಹ್ನೆ ಇರೋ ಪುಟಾಣಿ ಫೈಲ್ ಕಾಣಬಹುದು. ಆ ಡಾಕ್ಯುಮೆಂಟ್ ಈಗ ಯಾರ ಹತ್ರ ಓಪನ್ ಇದೆ ಅನ್ನೋದು ಅದ್ರಲ್ಲಿರುತ್ತೆ, ಕ್ಲೋಸ್ ಮಾಡಿದ್ರೆ ತಾನೇ ಹೋಗುತ್ತೆ. ವರ್ಡ್ ಮಧ್ಯದಲ್ಲೇ ಕ್ರ್ಯಾಶ್ ಆಗಿ ಅದು ಅಲ್ಲೇ ಉಳ್ಕೊಂಡಿದ್ರೆ ಆಮೇಲೆ ಫೈಲ್ ತೆಗೆಯೋಕೆ ಹೋದಾಗ 'ಬೇರೆಯವ್ರು ಎಡಿಟ್ ಮಾಡ್ತಿದ್ದಾರೆ' ಅಂತ ಹಠ ಹಿಡಿಯುತ್ತೆ, ಆ ಬೇರೆಯವ್ರು ನೀವೇ ಆಗಿರ್ತೀರ. ವರ್ಡ್ ಪೂರ್ತಿ ಮುಚ್ಚಿ, ಬೇರೆ ಯಾರೂ ಅದನ್ನ ತೆರೆದಿಲ್ಲ ಅಂತ ಖಾತ್ರಿ ಮಾಡ್ಕೊಂಡು ಆ ಪುಟಾಣಿಯನ್ನ ಡಿಲೀಟ್ ಮಾಡಿ, ಡಾಕ್ಯುಮೆಂಟ್ ಮಾಮೂಲಿಯಾಗಿ ತೆರ್ಕೊಳ್ಳುತ್ತೆ.